ನಿಂತ ಮೀಟರ್, ಓಡುವ ಗಾಡಿ

ಹಾವೇರಿ ಜಿಲ್ಲೆಯಲ್ಲಿ ಇಪ್ಪತ್ತು ವರ್ಷ ದಾಟಿದ ಯಾವುದೇ ಕಾರು, ಜೀಪು, ಟ್ರ್ಯಾಕ್ಸಿನ ಡ್ಯಾಶ್‌ಬೋರ್ಡಿಗೆ ಒಮ್ಮೆ ಇಣುಕಿ ನೋಡಿ. ಪೆಟ್ರೋಲಿನ ಮುಳ್ಳು ನಡುಗುತ್ತಿರುತ್ತದೆ, ಬಿಸಿಯ ಮುಳ್ಳು ಮಲಗಿರುತ್ತದೆ, ಕಿಲೋಮೀಟರ್ ಅಂಕಿ ಎಂದೋ ಒಂದು ದಿನ ನಿಂತಲ್ಲೇ ನಿಂತಿರುತ್ತದೆ. "ಗಾಡಿ ಎಷ್ಟ್ ಓಡೈತ್ರಿ?" ಎಂದು ಕೇಳಿದರೆ ಮಾಲೀಕರು ಮೀಟರ್ ನೋಡುವುದಿಲ್ಲ, ಆಕಾಶ ನೋಡುತ್ತಾರೆ. "ಒಂದೂವರಿ ಲಕ್ಷ ಆಗಿರಬೇಕ್ರಿ, ಎರಡಂತೂ ಆಗಿಲ್ಲ" ಎನ್ನುತ್ತಾರೆ. ಆ ಮಾತಿನಲ್ಲಿ ಸುಳ್ಳಿಲ್ಲ. ಲೆಕ್ಕವೂ ಇಲ್ಲ.

ಮೀಟರ್ ಕೆಟ್ಟರೆ ಯಾರಿಗೂ ಅವಸರವಿಲ್ಲ ಎಂಬುದೇ ಇದಕ್ಕೆ ಕಾರಣ. ಬ್ರೇಕ್ ಹೋದರೆ ಜೀವ ಹೋಗುತ್ತದೆ, ದೀಪ ಹೋದರೆ ಪೊಲೀಸರು ಹಿಡಿಯುತ್ತಾರೆ. ಮೀಟರ್ ಹೋದರೆ ಗಾಡಿ ಎಂದಿನಂತೆ ಓಡುತ್ತದೆ. ಮದುವೆ ಬಾಡಿಗೆಗೆ ಹೋಗುವ ಟ್ರ್ಯಾಕ್ಸಿನವರಿಗೆ ಹಾನಗಲ್ಲಿನಿಂದ ಶಿರಸಿಗೆ, ಹಿರೇಕೆರೂರಿನಿಂದ ರಾಣೆಬೆನ್ನೂರಿಗೆ ಎಷ್ಟು ದೂರ ಎಂಬುದು ಬಾಯಿಪಾಠ. ಬಾಡಿಗೆ ಕುದುರುವುದು ಊರಿನ ಹೆಸರಿನ ಮೇಲೆ. ಸರಕಾರಿ ಜೀಪುಗಳಿಗೆ ಲಾಗ್ ಬುಕ್ ಎಂಬುದೊಂದಿದೆ. ಹೊರಡುವಾಗಿನ ರೀಡಿಂಗ್, ಬಂದ ಮೇಲಿನ ರೀಡಿಂಗ್ ಎಂದು ಅದರಲ್ಲಿ ಎರಡು ಕಾಲಂ. ಮೀಟರ್ ನಿಂತ ಜೀಪಿನಲ್ಲಿ ಆ ಕಾಲಂ ತುಂಬುವುದೂ ಊರಿನ ಅಂತರ ಕೂಡಿಸಿಯೇ.

ಹಾಗಂತ ಈ ಅಂಕಿಯಿಲ್ಲದೆ ನಷ್ಟವೇ ಇಲ್ಲ ಎನ್ನುವಂತಿಲ್ಲ. ಎಂಜಿನ್ ಆಯಿಲ್ ಬದಲಿಸುವುದು ಕಿಲೋಮೀಟರ್ ಲೆಕ್ಕದಲ್ಲಿ, ಟೈಮಿಂಗ್ ಬೆಲ್ಟ್ ಬದಲಿಸುವುದೂ ಅದೇ ಲೆಕ್ಕದಲ್ಲಿ. ಆ ಬೆಲ್ಟು ಓಡುವಾಗ ಹರಿದರೆ ಗಾಡಿ ನಡುದಾರಿಯಲ್ಲಿ ನಿಲ್ಲುತ್ತದೆ, ಕೆಲವು ಎಂಜಿನ್ನುಗಳಲ್ಲಿ ವಾಲ್ವುಗಳೂ ಬಾಗುತ್ತವೆ. ಆವರೇಜ್ ಬಿದ್ದಿದೆಯೇ ಎಂದು ತಿಳಿಯುವುದೂ ಮೀಟರಿನಿಂದ. ಇವೆಲ್ಲ ಮಾಲೀಕನ ನಷ್ಟ. ಗಾಡಿ ಕೈ ಬದಲಿಸುವ ದಿನ ಇದು ಇನ್ನೊಬ್ಬನ ನಷ್ಟವಾಗುತ್ತದೆ. ಅಲ್ಲಿಂದಾಚೆಗೆ ಅದು ಬರೀ ಗ್ಯಾರೇಜಿನ ವಿಷಯವಾಗಿ ಉಳಿಯುವುದಿಲ್ಲ ಎಂಬುದು ನನ್ನ ತಕರಾರು.

ಹಿರೇಕೆರೂರು ತಾಲ್ಲೂಕಿನ ನಿವೃತ್ತ ಮಾಸ್ತರರೊಬ್ಬರ ಮಾರುತಿ 800 ಗಾಡಿಯ ಮೀಟರ್ ರಿಪೇರಿಯ ಹಿಂದೆ ನಾನು ಬಿದ್ದದ್ದು ಈ ತಕರಾರಿನಿಂದಲೇ. ಗಾಡಿಯ ಫಲಕ ಕೆಎ-25. 1997ರ ಆಗಸ್ಟಿನಲ್ಲಿ ಹಾವೇರಿ ಜಿಲ್ಲೆ ಧಾರವಾಡದಿಂದ ಬೇರೆಯಾಗುವ ಮೊದಲೇ ಪಾಸಿಂಗ್ ಆದದ್ದು. ಜಿಲ್ಲೆಗಿಂತ ಹಿರಿಯ ಗಾಡಿ. 1983ರ ಡಿಸೆಂಬರಿನಲ್ಲಿ ಬಂದು 2014ರ ಜನವರಿಯಲ್ಲಿ ತಯಾರಿಕೆ ನಿಂತ ಈ ಕಾರು ದೇಶದಲ್ಲಿ 25 ಲಕ್ಷಕ್ಕೂ ಹೆಚ್ಚು ಮಾರಾಟವಾಗಿದೆ. ಅಂಬಾಸಿಡರ್ ನಿಂತದ್ದೂ ಅದೇ 2014ರಲ್ಲಿ. ಹಳ್ಳಿಗಳಲ್ಲಿ ಅಂಬಾಸಿಡರ್ ಈಗ ಅಪರೂಪ. 800 ಮಾತ್ರ ಇನ್ನೂ ಹಾಲಿನ ಕ್ಯಾನು, ಗೊಬ್ಬರದ ಚೀಲ, ಮೊಮ್ಮಕ್ಕಳನ್ನು ಹೊತ್ತು ಓಡುತ್ತಲೇ ಇದೆ.

ಮಾಸ್ತರರ ಗಾಡಿ ನಿಲ್ಲುವುದು ಗೋವಿನಜೋಳದ ಚೀಲ ಒಟ್ಟುವ ಷೆಡ್ಡಿನಲ್ಲಿ. ಜೋಳ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ವೈರ್ ಉಳಿಯುವುದಿಲ್ಲ. ಹಾಗಾಗಿ ಅವರ ಮೊದಲ ಅನುಮಾನ ಇಲಿಯ ಮೇಲೆ. ಅದು ತೀರಾ ತಪ್ಪೂ ಅಲ್ಲ; ಮೀಟರ್ ಕೇಬಲ್ಲಿನ ಹೊರಗಿನ ಕವಚವನ್ನು ಇಲಿ ಕಡಿದರೆ ಒಳಗೆ ಧೂಳು, ನೀರು ಸೇರಿ ತಂತಿ ತುಕ್ಕು ಹಿಡಿಯುತ್ತದೆ. ನಮ್ಮ ಸೀಮೆಯಲ್ಲಿ ಆ ಕೇಬಲ್ಲಿನ ವೈರಿಗಳಿಗೆ ಬರವಿಲ್ಲ. ಹಾನಗಲ್ಲ ಮಲೆನಾಡಿನ ಸೆರಗು, ಮಳೆಗಾಲದಲ್ಲಿ ಗದ್ದೆಯ ಕೆಸರು. ಸವಣೂರಿನ ಕಡೆ ಎರೆ ಮಣ್ಣು, ಬೇಸಿಗೆಯಲ್ಲಿ ಅದರ ಧೂಳು ಹಿಟ್ಟಿನಷ್ಟು ಸಣ್ಣ. ಶಿಗ್ಗಾವಿಯಲ್ಲಿ ಹೆದ್ದಾರಿಯ ವೇಗ. ಒಣಗಿದ ಕೇಬಲ್ ನಿಧಾನಕ್ಕೆ ಓಡಿದರೆ ಹೇಗೋ ತಡೆದುಕೊಂಡೀತು, ಎಂಬತ್ತರ ವೇಗದಲ್ಲಿ ತಡೆಯುವುದಿಲ್ಲ.

ಹಳೆಯ ಮೀಟರ್ ಕೆಲಸ ಮಾಡುವ ಬಗೆ ಸರಳ. ಗೇರ್‌ಬಾಕ್ಸಿನಿಂದ ಹೊರಡುವ ಒಂದು ಹೆಣೆದ ಉಕ್ಕಿನ ತಂತಿ, ಅದರ ಮೇಲೊಂದು ಕೊಳವೆ. ಗಾಲಿ ತಿರುಗಿದಂತೆ ತಂತಿ ತಿರುಗುತ್ತದೆ, ತಂತಿಯ ಚೌಕ ತುದಿ ಮೀಟರಿನ ಬೆನ್ನಿಗೆ ಸಿಕ್ಕಿಕೊಂಡಿರುತ್ತದೆ. ಒಳಗೆ ಹೋದ ಆ ತಿರುಗು ಎರಡು ಕೆಲಸಕ್ಕೆ ಹಂಚಿಹೋಗುತ್ತದೆ. ಒಂದು ವೇಗದ ಮುಳ್ಳು. ಅಲ್ಲಿ ತಂತಿಯ ತುದಿಗೆ ಒಂದು ಅಯಸ್ಕಾಂತ, ಅದರ ಸುತ್ತ ಮುಟ್ಟಿಯೂ ಮುಟ್ಟದಂತೆ ಅಲ್ಯುಮಿನಿಯಮ್ಮಿನ ಬಟ್ಟಲು. ಅಯಸ್ಕಾಂತ ತಿರುಗಿದರೆ ಬಟ್ಟಲನ್ನು ತನ್ನ ಜೊತೆ ಎಳೆಯುತ್ತದೆ, ಕೂದಲಿನಂಥ ಸ್ಪ್ರಿಂಗು ಬೇಡವೆಂದು ಹಿಡಿಯುತ್ತದೆ. ಈ ಜಗ್ಗಾಟ ಎಲ್ಲಿ ಸಮವಾಗುತ್ತದೋ ಅಲ್ಲಿ ಮುಳ್ಳು ನಿಲ್ಲುತ್ತದೆ. 1902ರಲ್ಲಿ ಒಟ್ಟೊ ಷುಲ್ಟ್ಸೆ ಎಂಬಾತ ಪೇಟೆಂಟ್ ಪಡೆದ ಉಪಾಯವಿದು. ಮುಂದೆ ದಶಕಗಟ್ಟಲೆ ಜಗತ್ತಿನ ಬಹುಪಾಲು ಗಾಡಿಗಳು ಇದರ ಮೇಲೆಯೇ ಓಡಿದವು.

ಇನ್ನೊಂದು, ಅಂಕಿಯ ಕೆಲಸ. ಇಲ್ಲಿ ಅಯಸ್ಕಾಂತದ ಮಾಯೆ ಇಲ್ಲ, ಪೂರ್ತಿ ಹಲ್ಲಿನ ಚಕ್ರಗಳದ್ದೇ ದರಬಾರು. ತಂತಿಯ ವೇಗವನ್ನು ಸುರುಳಿ ಗೇರುಗಳು ಇಳಿಸಿ ಇಳಿಸಿ ಅಂಕಿ ಬರೆದ ಡ್ರಮ್ಮಿಗೆ ಮುಟ್ಟಿಸುತ್ತವೆ. ಜಪಾನಿ ಮೂಲದ ಗಾಡಿಗಳಲ್ಲಿ ಸಾಮಾನ್ಯ ಲೆಕ್ಕ ಒಂದು ಕಿಲೋಮೀಟರಿಗೆ ತಂತಿಯ 637 ಸುತ್ತು. ಲಕ್ಷ ಕಿಲೋಮೀಟರ್ ಓಡಿದ ಗಾಡಿಯಲ್ಲಿ ಆ ತಂತಿ 6 ಕೋಟಿ 37 ಲಕ್ಷ ಸಲ ತಿರುಗಿರುತ್ತದೆ. ಅಷ್ಟೊಂದು ತಿರುಗಿದ್ದಕ್ಕೆ ನಾವು ಹಾಕಿದ ಗ್ರೀಸ್ ಎಷ್ಟು ಎಂದು ಕೇಳಿಕೊಂಡರೆ ನಾಚಿಕೆಯಾಗಬೇಕು.

ಗಾಲಿ ಎಣಿಸಿ ದೂರ ಹೇಳುವ ಬುದ್ಧಿ ಹೊಸದೇನಲ್ಲ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ವಿಟ್ರೂವಿಯಸ್ ತನ್ನ ವಾಸ್ತುಗ್ರಂಥದ ಹತ್ತನೆಯ ಭಾಗದಲ್ಲಿ ಇಂಥದೊಂದು ಬಂಡಿಯನ್ನು ವಿವರಿಸಿದ್ದಾನೆ. ಸುಮಾರು ನಾಲ್ಕು ಅಡಿ ಅಡ್ಡಳತೆಯ ಗಾಲಿ, ಒಂದು ಸುತ್ತಿಗೆ ಹನ್ನೆರಡೂವರೆ ಅಡಿ, 400 ಸುತ್ತಿಗೆ 5,000 ಅಡಿ. ಅದು ರೋಮನ್ನರ ಒಂದು ಮೈಲಿ. ಮೈಲಿ ಮುಗಿದಾಗ ಒಂದು ಹರಳು ಕಂಚಿನ ಪಾತ್ರೆಗೆ ಟಣ್ ಎಂದು ಬೀಳಬೇಕು; ಸಂಜೆ ಹರಳು ಎಣಿಸಿದರೆ ದಿನದ ದಾರಿ ಗೊತ್ತು. ನಮ್ಮಲ್ಲಿ 1799ರ ನಂತರ ಮೈಸೂರು ಸೀಮೆಯ ಸರ್ವೆ ನಡೆಸಿದ ಕಾಲಿನ್ ಮೆಕೆಂಜಿಯ ಕಾಲದ ಸರ್ವೆಯವರು ರಸ್ತೆ ಅಳೆಯಲು ಹಿಡಿಕೆಯ ಗಾಲಿಯೊಂದನ್ನು ತಳ್ಳಿಕೊಂಡು ನಡೆಯುತ್ತಿದ್ದರು. ಸುತ್ತು ಎಣಿಸುವ ಮುಖ ಅದಕ್ಕೂ ಇತ್ತು. ಡ್ರಮ್ಮುಗಳ ಸಾಲಿನ ಈಗಿನ ರೂಪವನ್ನು ಮನೆಮಾತಾಗಿಸಿದ್ದು ಸೈಕಲ್ಲು. ಅಮೆರಿಕದ ಕರ್ಟಿಸ್ ವೀಡರ್ 1895ರಲ್ಲಿ ಸೈಕಲ್ಲಿನ ಗಾಲಿಗೆ ಕಟ್ಟುವ ಪುಟ್ಟ ಎಣಿಕೆ ಯಂತ್ರ ಮಾಡಿದ.

ಮಾಸ್ತರರ ಗಾಡಿಯನ್ನು ಚಿಕ್ಕೇರೂರು, ತಿಳವಳ್ಳಿ ದಾರಿಯಲ್ಲಿ ಹಾನಗಲ್ಲಿಗೆ ತಂದೆವು. ಅಲ್ಲಿನ ಮಿಸ್ತ್ರಿ ಬಾನೆಟ್ ಎತ್ತಲಿಲ್ಲ. ಕೈ ಒರೆಸಿಕೊಳ್ಳುತ್ತ ಕೇಳಿದ್ದು ಒಂದೇ ಪ್ರಶ್ನೆ.

"ಮುಳ್ಳ ಆಡತೈತೇನ್ರಿ, ಸರ?"

"ಮುಳ್ಳ ಬರೋಬರಿ ಆಡತೈತಿ. ನಂಬರ್ ಓಡವಲ್ದು."

"ಹಂಗಾರ ಇಲಿ ಪಾಪ, ಏನೂ ಮಾಡಿಲ್ಲ. ಒಳಗ ಹಲ್ಲ ಹೋಗೈತಿ."

ಇಡೀ ರೋಗನಿರ್ಣಯ ಇಷ್ಟೇ. ಮುಳ್ಳು, ಅಂಕಿ ಎರಡೂ ನಿಂತಿದ್ದರೆ ದೋಷ ಕೇಬಲ್ಲಿನಲ್ಲಿ, ಇಲ್ಲವೆ ಗೇರ್‌ಬಾಕ್ಸಿನ ಬಾಯಲ್ಲಿರುವ ಪುಟ್ಟ ಪಿನಿಯನ್ನಿನಲ್ಲಿ. ಕೇಬಲ್ಲನ್ನು ಮೀಟರಿನ ಕಡೆ ಬಿಡಿಸಿ, ಗಾಡಿಯನ್ನು ಹತ್ತು ಹೆಜ್ಜೆ ತಳ್ಳಿಸಿ ತಂತಿಯ ತುದಿ ನೋಡಬೇಕು. ತಿರುಗಿದರೆ ಕೇಬಲ್ ಜೀವಂತ. ತಿರುಗದಿದ್ದರೆ ತಂತಿಯನ್ನು ಹೊರಗೆಳೆದು ನೋಡಬೇಕು. ಅರ್ಧವೇ ಕೈಗೆ ಬಂದರೆ ಉತ್ತರ ಸಿಕ್ಕಿತು, ಪೂರ್ತಿ ಬಂದರೆ ಪಿನಿಯನ್ ಹಲ್ಲು ಸವೆದಿದೆ. ಮುಳ್ಳು ಕುಣಿಯುತ್ತಿದ್ದರೆ, ಕಿಚಿಕಿಚಿ ಸದ್ದು ಬರುತ್ತಿದ್ದರೆ ಕೇಬಲ್ ಒಣಗಿದೆ ಅಥವಾ ಎಲ್ಲೋ ಚೂಪಾಗಿ ಬಾಗಿದೆ. ಮುಳ್ಳು ಸರಿಯಿದ್ದು ಅಂಕಿ ಮಾತ್ರ ನಿಂತಿದ್ದರೆ ಮೀಟರಿನ ಹೊಟ್ಟೆಯನ್ನೇ ಸೀಳಬೇಕು.

ಕೇಬಲ್ಲಿಗೆ ಗ್ರೀಸ್ ಹಾಕುವಾಗ ನಮ್ಮ ಕಡೆ ಒಂದು ಅತಿರೇಕ ನಡೆಯುತ್ತದೆ. ಹಾಕಿದರೆ ಬೊಗಸೆಗಟ್ಟಲೆ. ತಂತಿ ಸುರುಳಿಯಂತೆ ಹೆಣೆದದ್ದಾದ್ದರಿಂದ ತಿರುಗುತ್ತ ತಿರುಗುತ್ತ ಗ್ರೀಸನ್ನು ಮೇಲಕ್ಕೆ ಹತ್ತಿಸುತ್ತದೆ. ಅದು ಮೀಟರಿನೊಳಗೆ ಸೇರಿ ಅಯಸ್ಕಾಂತ ಮತ್ತು ಬಟ್ಟಲಿನ ನಡುವಿನ ಸಂದನ್ನು ತುಂಬಿತೆಂದರೆ ಮುಳ್ಳು ಹುಚ್ಚೆದ್ದು ನಿಂತ ಗಾಡಿಯಲ್ಲೂ ಮೂವತ್ತು ತೋರಿಸುತ್ತದೆ. ಹಾನಗಲ್ಲಿನ ಮಿಸ್ತ್ರಿ ತಂತಿಯನ್ನು ಬಟ್ಟೆಯಲ್ಲಿ ಒರೆಸಿ, ಬೆರಳಿಗೆ ಹತ್ತಿದಷ್ಟೇ ಗ್ರೀಸ್ ಸವರಿ, ಮೇಲಿನ ಒಂದು ಗೇಣನ್ನು ಒಣದಾಗಿಯೇ ಬಿಟ್ಟ. ಕೇಬಲ್ ಕೆಟ್ಟಿರಲಿಲ್ಲ. ಆದರೂ ಬಿಚ್ಚಿದ ಮೇಲೆ ಇಷ್ಟು ಮಾಡದೆ ಕೂಡಿಸುವುದು ಅವನ ಜಾಯಮಾನವಲ್ಲ.

ಆಮೇಲೆ ಸ್ಟೀರಿಂಗ್ ಹಿಂದಿನ ಕವರಿನ ಸ್ಕ್ರೂ ಬಿಚ್ಚಿ, ಕಪ್ಲರ್ ಎಳೆದು, ಮೀಟರ್ ಬೋರ್ಡನ್ನು ಹೊರತೆಗೆದು ಮಾಸ್ತರರ ಕೈಗಿಟ್ಟ. "ಇದರ ಮುಂದಿನ ಕೆಲಸ ನಂದಲ್ರಿ. ಸವಣೂರಾಗ ಗಡಿಯಾರದ ಚಾಚಾ ಅದಾರ, ಅವ್ರ ಮಾಡಬೇಕು. ನನ್ನ ಬೆರಳ ಇದಕ್ಕ ದಪ್ಪ." ಮೀಟರ್ ಬೋರ್ಡನ್ನು ಟವೆಲ್ಲಿನಲ್ಲಿ ಸುತ್ತಿ, ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಮಾಸ್ತರರು ಬಂಕಾಪುರದ ಮೇಲೆ ಹೋಗುವ ಬಸ್ ಹತ್ತಿದರು, ಜೊತೆಗೆ ನಾನೂ.

ಸಣ್ಣ ಊರುಗಳಲ್ಲಿ ಮೀಟರ್ ರಿಪೇರಿ ಗಡಿಯಾರದವರ ಕೈಗೆ ಬಂದದ್ದಕ್ಕೆ ಅರ್ಥವಿದೆ. ಕೀಲಿ ಕೊಡುವ ಗಡಿಯಾರ ಮೂಲೆ ಸೇರಿತು, 2016ರಲ್ಲಿ ಎಚ್‌ಎಂಟಿ ಗಡಿಯಾರ ಕಂಪನಿಯೇ ಬಾಗಿಲು ಹಾಕಿತು. ಈಗ ಅಂಗಡಿಗೆ ಬರುವವರಿಗೆ ಬೇಕಾದದ್ದು ಸೆಲ್ ಮತ್ತು ಬೆಲ್ಟು. ಕೈಯಲ್ಲಿನ ಕಸುಬು ಮಾತ್ರ ಹಾಗೇ ಉಳಿದಿದೆ. ಹೊಲಿಗೆ ಮಷಿನ್, ಹಳೆಯ ರೇಡಿಯೊ, ಗಾಡಿಯ ಮೀಟರ್, ಏನು ಬಂದರೂ ಕೂರುತ್ತಾರೆ. ಸವಣೂರು ಅಂದರೆ ಹೊರಗಿನವರಿಗೆ ಖಾರ, ವೀಳ್ಯದೆಲೆ, ನವಾಬರು, ದೊಡ್ಡಹುಣಸೆ ಮಠದ ಆ ಭಾರೀ ಮರಗಳು. ಸುತ್ತಲಿನ ಗ್ಯಾರೇಜಿನವರಿಗೆ ಮಾತ್ರ ಈ ಚಾಚಾನ ಮೇಜು.

ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಕಣ್ಣಿಗೆ ಕನ್ನಡಿ ಸಿಕ್ಕಿಸಿ ಅವರು ಮೊದಲು ಮಾಡಿದ ಕೆಲಸ ಏನನ್ನೂ ಬಿಚ್ಚದಿರುವುದು. ಮುಳ್ಳು ಎಲ್ಲಿ ವಿಶ್ರಮಿಸಿದೆಯೋ ಅಲ್ಲಿ ಪೆನ್ಸಿಲಿನಿಂದ ಕೂದಲೆಳೆಯಷ್ಟು ಗುರುತು ಹಾಕಿದರು. ಈ ಗುರುತು ಹಾಕದೆ ಮುಳ್ಳು ಕಿತ್ತವರ ಗಾಡಿ ಆಮೇಲೆ ಐವತ್ತಕ್ಕೆ ಎಪ್ಪತ್ತು ತೋರಿಸುತ್ತದೆ. ನಂತರ ಎರಡು ಚಹಾ ಚಮಚಗಳನ್ನು ಮುಳ್ಳಿನ ಎರಡೂ ಕಡೆ ಬೆನ್ನು ಮೇಲೆ ಮಾಡಿ ಇಟ್ಟು ಒಟ್ಟಿಗೆ ಒತ್ತಿದರು. ಮುಳ್ಳು ಬಾಗದೆ ಮೇಲೆದ್ದಿತು. ಕೆಳಗೆ ಎರಡು ಸ್ಕ್ರೂ. ಡಯಲ್ ತಟ್ಟೆ ಎತ್ತಿದಾಗ ಒಳಗಿನಿಂದ ಒಂದು ಚಿಟಿಕೆ ಎರೆ ಧೂಳು ಬಟ್ಟೆಯ ಮೇಲೆ ಉದುರಿತು.

ಡ್ರಮ್ಮುಗಳು ಒಂದು ತೆಳು ಉಕ್ಕಿನ ಕಡ್ಡಿಯ ಮೇಲೆ ಸಾಲಾಗಿ ಕೂತಿದ್ದವು. ಬದಿಯಲ್ಲಿ ಬಿಳಿ ಪ್ಲಾಸ್ಟಿಕ್ ಗೇರ್. ಚಾಚಾ ಅದನ್ನು ಉಗುರಿನಿಂದ ತಿರುಗಿಸಿದರು. ಗೇರ್ ತಿರುಗಿತು, ಕಡ್ಡಿ ತಿರುಗಲಿಲ್ಲ. ಕನ್ನಡಿಯನ್ನು ನನ್ನ ಕೈಗೆ ಕೊಟ್ಟು ನೋಡೆಂದರು. ಗೇರಿನ ನಡುವಿನ ತೂತಿನ ಅಂಚಿನಿಂದ ಹಲ್ಲಿನ ಬುಡದವರೆಗೆ ಒಂದು ಸೀಳು. ಕಡ್ಡಿಯ ಮೈಮೇಲೆ ಹಿಡಿತಕ್ಕೆಂದು ಗೀರು ಮಾಡಿ, ಅದರ ಮೇಲೆ ಪ್ಲಾಸ್ಟಿಕ್ಕನ್ನು ಬಿಗಿಯಾಗಿ ತುರುಕಿರುತ್ತಾರೆ. ವರ್ಷಗಟ್ಟಲೆ ಬಿಸಿಲು ಕುಡಿದ ಪ್ಲಾಸ್ಟಿಕ್ ಕುಗ್ಗುತ್ತದೆ, ಕುಗ್ಗಲು ಜಾಗವಿಲ್ಲದೆ ಸೀಳುತ್ತದೆ. ಅಂಕಿ ನಿಂತ ಹಳೆಯ ಮೀಟರುಗಳಲ್ಲಿ ಬಹಳಷ್ಟರ ಕಥೆ ಈ ಸಾಸಿವೆಯಷ್ಟು ಸೀಳೇ.

ಫೆವಿಕ್ವಿಕ್ ಹಾಕಿದರೆ ಆಗದೇ ಎಂದು ಮಾಸ್ತರರು ಕೇಳಿದರು. ಚಾಚಾ ಹುಬ್ಬು ಗಂಟಿಕ್ಕಿದರು. ಅದರ ಆವಿ ಪಾರದರ್ಶಕ ಪ್ಲಾಸ್ಟಿಕ್ಕಿಗೆ ತಗುಲಿದರೆ ಬಿಳಿ ಮಂಜು ಕೂತುಬಿಡುತ್ತದೆ, ಹೋಗುವುದಿಲ್ಲ. ಹಿಡಿತ ಗಟ್ಟಿ ಅನಿಸಿದರೂ ಪೆಟ್ಟು ಬಿದ್ದರೆ ಬಿರುಕು ಬಿಡುತ್ತದೆ. ಅವರು ಕಡ್ಡಿಯ ಗೀರುಗಳನ್ನು ಸೂಜಿಯರದಿಂದ ಮತ್ತೆ ಒರಟು ಮಾಡಿ, ಗೇರಿನ ಕುತ್ತಿಗೆಗೆ ಕೂದಲೆಳೆಯ ತಾಮ್ರದ ತಂತಿ ಎರಡು ಸುತ್ತು ಬಿಗಿದು, ಅರಾಲ್ಡೈಟನ್ನು ಕಲಸಿ ಸೂಜಿಮೊನೆಯಿಂದ ಒಳಗೂ ಹೊರಗೂ ಇಳಿಸಿದರು. "ರಾತ್ರಿ ಬಿಡಬೇಕ್ರಿ ಮಾಸ್ತರ್ರ. ಅವಸರ ಮಾಡಿದ್ರ ಮತ್ತ ಹಾನಗಲ್ಲಿಂದ ಬಸ್ ಹತ್ತಬೇಕಾಗತೈತಿ." ಡ್ರಮ್ಮಿನ ಅಂಕಿಗಳಿಗೆ ಅವರು ಎಣ್ಣೆ ಮುಟ್ಟಿಸಲಿಲ್ಲ, ಪೆಟ್ರೋಲಂತೂ ದೂರ; ಹಳೆಯ ಬಣ್ಣ ಕಿತ್ತುಬರುತ್ತದೆ. ಒಣ ಹಲ್ಲುಜ್ಜುವ ಬ್ರಷ್ಷಿನಿಂದ ಧೂಳು ಕೊಡವಿದರು. ಹೊಲಿಗೆ ಮಷಿನ್ ಎಣ್ಣೆಯ ಒಂದು ಹನಿ ಬಿದ್ದದ್ದು ತಂತಿ ಬಂದು ಕೂರುವ ಬುಷ್ಷಿಗೆ ಮಾತ್ರ.

ಮರುದಿನ ಜೋಡಣೆ. ಪ್ರತಿ ಎರಡು ಡ್ರಮ್ಮುಗಳ ನಡುವೆ ಒಂದು ಮರಿ ಪಿನಿಯನ್ ಇರುತ್ತದೆ. ಅದರ ಹಲ್ಲುಗಳಲ್ಲಿ ಒಂದು ಬಿಟ್ಟು ಒಂದು ಗಿಡ್ಡ. ಬಲಗಡೆಯ ಡ್ರಮ್ಮಿನಲ್ಲಿ ಒಂದೇ ಕಡೆ ಎರಡು ಹಲ್ಲು; ಒಂಬತ್ತು ಮುಗಿದು ಸೊನ್ನೆ ಬರುವಾಗ ಮಾತ್ರ ಅವು ಮರಿ ಪಿನಿಯನ್ನನ್ನು ಹಿಡಿದು ಎಡಗಡೆಯ ಡ್ರಮ್ಮನ್ನು ಒಂದು ಮನೆ ಸರಿಸುತ್ತವೆ. ಉಳಿದ ಹೊತ್ತು ಆ ಪಿನಿಯನ್ ಎಡಗಡೆಯದಕ್ಕೆ ಬೀಗ ಹಾಕಿದಂತೆ ನಿಂತಿರುತ್ತದೆ. ಒಂದನೇ ಕ್ಲಾಸಿನ ಮಕ್ಕಳಿಗೆ ದಶಕ ಕಲಿಸುವವರು ಇದನ್ನೊಮ್ಮೆ ತೋರಿಸಬೇಕೆಂದು ಮಾಸ್ತರರು ಅಂದರು. ನಿವೃತ್ತಿಯಾದರೂ ಚಟ ಹೋಗಿಲ್ಲ. ಕೂಡಿಸುವಾಗ ಒಂದು ಪಿನಿಯನ್ ಅರ್ಧ ಹಲ್ಲು ತಪ್ಪಿದರೂ ಅಂಕಿ ಕಿಂಡಿಯಲ್ಲಿ ಸೊಟ್ಟಗೆ ನಿಲ್ಲುತ್ತದೆ.

ಕಡ್ಡಿ ಇನ್ನೂ ಹೊರಗಿತ್ತು, ಡ್ರಮ್ಮುಗಳು ಚಾಚಾನ ಅಂಗೈ ಮೇಲಿದ್ದವು. ಆಗ ಅವರು ತಲೆಯೆತ್ತದೆ ಕೇಳಿದರು: "ಎಷ್ಟಕ್ಕ ಕೂಡಸ್ಲಿ?"

ಪ್ರಶ್ನೆಯಲ್ಲಿ ಯಾವ ಕಪಟವೂ ಇರಲಿಲ್ಲ. ದರ್ಜಿ ತೋಳಿನ ಉದ್ದ ಕೇಳುವ ಧಾಟಿ. ಅಂಗೈ ಮೇಲಿನ ಡ್ರಮ್ಮುಗಳಿಗೆ ಯಾವ ಅಂಕಿಯಾದರೂ ಒಂದೇ, ಐದು ಬೆರಳಿನ ಕೆಲಸ. ಮಾಸ್ತರರ ಮೀಟರ್ ನಿಂತಿದ್ದದ್ದು 86,431ಕ್ಕೆ. ಗಾಡಿ ಆಮೇಲೂ ಕೆಲವು ವರ್ಷ ಓಡಿದೆ. ಹಾಗಾದರೆ ನ್ಯಾಯವಾದ ಅಂಕಿ ಯಾವುದು?

ಸೆಕೆಂಡ್ ಹ್ಯಾಂಡ್ ಗಾಡಿಯ ಬಜಾರಿನಲ್ಲಿ ಈ ಪ್ರಶ್ನೆಗೆ ಉತ್ತರ ಸಿದ್ಧವಿರುತ್ತದೆ: ನಲವತ್ತು ಸಾವಿರ. ಹಾಗೆ ಮಾಡಿದ ಗಾಡಿಗೆ ಒಂದು ಕಥೆಯೂ ಜೊತೆಗೆ ಬರುತ್ತದೆ. ಡಾಕ್ಟರ್ ಗಾಡಿ, ಮನಿಯಿಂದ ದವಾಖಾನಿ, ದವಾಖಾನಿಯಿಂದ ಮನಿ. ನಮ್ಮ ಸೀಮೆಯಲ್ಲಿ ಮಾರಾಟಕ್ಕೆ ಬಂದ ಡಾಕ್ಟರ್ ಗಾಡಿಗಳನ್ನು ಲೆಕ್ಕ ಹಾಕಿದರೆ ಊರಿಗಿಂತ ದವಾಖಾನೆಗಳೇ ಹೆಚ್ಚಿರಬೇಕು. ಕೊಳ್ಳುವವರು ಮೀಟರ್ ಬಿಟ್ಟು ಕ್ಲಚ್ ಪೆಡಲಿನ ರಬ್ಬರ್ ನೋಡಲಿ, ಸ್ಟೀರಿಂಗಿನ ಮೇಲೆ ಕೈ ಹಿಡಿದು ಹಿಡಿದು ಬಂದ ಹೊಳಪು ನೋಡಲಿ, ಚಾಲಕನ ಸೀಟು ಎಷ್ಟು ಕುಸಿದಿದೆ ನೋಡಲಿ. ಬಾನೆಟ್ ಒಳಗೆ ಆಯಿಲ್ ಬದಲಿಸಿದವರು ಅಂಟಿಸಿದ ಚೀಟಿಯಲ್ಲಿ ಎಂದೋ 92,000 ಎಂದಿದ್ದು, ಮೀಟರ್ ಈಗ 58,000 ಎನ್ನುತ್ತಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ. ಅಂಕಿ ಸೊಟ್ಟಗಿದ್ದರೆ ಅನುಮಾನಿಸಬಹುದು, ತೀರ್ಪು ಕೊಡುವಂತಿಲ್ಲ. ಸವೆದ ಪ್ರಾಮಾಣಿಕ ಮೀಟರಿನಲ್ಲೂ ಅಂಕಿ ಸೊಟ್ಟಗಾಗುತ್ತದೆ.

ಹೊಸ ಗಾಡಿಗಳಲ್ಲಿ ಡ್ರಮ್ಮಿಲ್ಲ, ತಂತಿಯಿಲ್ಲ. ಗೇರ್‌ಬಾಕ್ಸಿನ ಸೆನ್ಸರ್ ಮಿಡಿತ ಕಳಿಸುತ್ತದೆ, ಅಂಕಿ ಒಂದು ಮೆಮೊರಿ ಚಿಪ್ಪಿನಲ್ಲಿ ಕೂರುತ್ತದೆ. ಇದರಿಂದ ಮೋಸ ನಿಂತಿತು ಎಂದುಕೊಂಡವರು ಮುಗ್ಧರು. ಡ್ರಮ್ಮಿಗೆ ಗಡಿಯಾರದವರ ಬೆರಳು ಬೇಕಿತ್ತು, ಚಿಪ್ಪಿಗೆ ಲ್ಯಾಪ್‌ಟಾಪ್ ಸಾಕು, ಧೂಳೂ ಉದುರುವುದಿಲ್ಲ.

ಕಾನೂನು ಏನನ್ನುತ್ತದೆ? ಕೇಂದ್ರ ಮೋಟಾರು ವಾಹನ ನಿಯಮಾವಳಿ, 1989ರ 117ನೇ ನಿಯಮ ಗಾಡಿಗೆ ಸ್ಪೀಡೋಮೀಟರ್ ಇರಬೇಕೆನ್ನುತ್ತದೆ. ಹದಿನೈದು ವರ್ಷ ತುಂಬಿದ ಖಾಸಗಿ ಕಾರು ಐದೈದು ವರ್ಷಕ್ಕೊಮ್ಮೆ ಮತ್ತೆ ಪಾಸಿಂಗಿಗೆ ಹೋಗಬೇಕು. ಅಲ್ಲಿ ವೇಗದ ಮುಳ್ಳಿಗೆ ಇರುವ ಮಾನ ಅಂಕಿಗಿಲ್ಲ. ಅಂಕಿ ತಿದ್ದಿ ಗಾಡಿ ಮಾರಿದರೆ ಅದು ವಂಚನೆ. ಹಿಂದೆ 420, ಈಗ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ. ಅಮೆರಿಕದವರು 1972ರಲ್ಲೇ ಇದಕ್ಕೆಂದು ಪ್ರತ್ಯೇಕ ಕಾಯ್ದೆ ತಂದರು. ಅವರ ಕಾನೂನಿನಲ್ಲಿ ರಿಪೇರಿಯವರಿಗೆ ಹೇಳಿದ ಮಾತು ನನಗೆ ಬಹಳ ಹಿಡಿಸಿದೆ. ಮೀಟರ್ ರಿಪೇರಿಯಾದ ಮೇಲೆ ಮೊದಲಿದ್ದ ಅಂಕಿಯೇ ಇರಬೇಕು. ಅದು ಸಾಧ್ಯವಾಗದಿದ್ದರೆ ಸೊನ್ನೆಗೆ ಇಟ್ಟು, ಹಿಂದಿನ ಅಂಕಿ ಎಷ್ಟಿತ್ತು, ಯಾವ ದಿನ ರಿಪೇರಿಯಾಯಿತು ಎಂದು ಬರೆದ ಚೀಟಿಯನ್ನು ಎಡಬಾಗಿಲಿನ ಚೌಕಟ್ಟಿಗೆ ಅಂಟಿಸಬೇಕು. ಅವರ ಎಡಬಾಗಿಲು ಚಾಲಕನದು; ನಮ್ಮಲ್ಲಾದರೆ ಬಲಬಾಗಿಲು.

ಮಾಸ್ತರರಿಗೆ ಮೂರನೆಯದೊಂದು ದಾರಿ ಹೊಳೆದಿತ್ತು: ನಿಂತ ವರ್ಷಗಳ ಓಟವನ್ನು ಅಂದಾಜು ಮಾಡಿ ಅಂಕಿಗೆ ಸೇರಿಸುವುದು. ತಿಂಗಳಿಗೆ ಇಷ್ಟು ಲೀಟರ್ ಪೆಟ್ರೋಲ್, ಲೀಟರಿಗೆ ಇಷ್ಟು ಕಿಲೋಮೀಟರ್, ಗುಣಿಸಿದರೆ ಮುಗಿಯಿತು. ನೋಡಲು ಇದೇ ಹೆಚ್ಚು ಪ್ರಾಮಾಣಿಕ ಅನಿಸುತ್ತದೆ. ನಾನು ಒಪ್ಪಲಿಲ್ಲ. ಅಂದಾಜು ಡ್ರಮ್ಮಿನ ಮೇಲೆ ಕೂತ ಕ್ಷಣ ಅಳತೆಯ ವೇಷ ಹಾಕಿಕೊಳ್ಳುತ್ತದೆ. ನಾಳೆ ನೋಡುವವನಿಗೆ ಯಾವುದು ಗಾಲಿ ಎಣಿಸಿದ್ದು, ಯಾವುದು ಮಾಸ್ತರರು ಗುಣಿಸಿದ್ದು ಎಂದು ತಿಳಿಯುವುದಿಲ್ಲ. ಅಂದಾಜಿಗೆ ಜಾಗ ಕಾಗದ. ಅಮೆರಿಕದ ಅರ್ವ್ ಗಾರ್ಡನ್ ಎಂಬ ನಿವೃತ್ತ ವಿಜ್ಞಾನ ಮಾಸ್ತರ 1966ರಲ್ಲಿ ಕೊಂಡ ತನ್ನ ವೋಲ್ವೊ ಪಿ1800 ಕಾರನ್ನು 2013ರ ಹೊತ್ತಿಗೆ ಮೂವತ್ತು ಲಕ್ಷ ಮೈಲಿ, ಅಂದರೆ ನಲವತ್ತೆಂಟು ಲಕ್ಷ ಕಿಲೋಮೀಟರ್ ಓಡಿಸಿದ್ದ. ಅಷ್ಟು ಅಂಕಿಗೆ ಆ ಕಾರಿನ ಮೀಟರಿನಲ್ಲಿ ಮನೆಗಳೇ ಇರಲಿಲ್ಲ; ಅಂಥ ಲೆಕ್ಕ ಉಳಿಯುವುದೂ ಕಾಗದದಲ್ಲೇ.

"ಇದ್ದಷ್ಟಕ್ಕ ಕೂಡಸ್ರಿ, ಚಾಚಾ," ಅಂದರು ಮಾಸ್ತರರು. ಚಾಚಾ ಹೌದೆಂದೂ ಅಲ್ಲವೆಂದೂ ಹೇಳದೆ 86,431 ಕೂಡಿಸಿದರು. ಹಳೆಯ ಕೇಬಲ್ಲಿನ ತುಂಡೊಂದನ್ನು ಡ್ರಿಲ್ ಮಷಿನ್ನಿಗೆ ಸಿಕ್ಕಿಸಿ ಮೀಟರಿನ ಬೆನ್ನಿಗಿಟ್ಟು ಗುಂಡಿಯನ್ನು ಅರ್ಧ ಒತ್ತಿದರು. ಮುಳ್ಳು ಅರವತ್ತಕ್ಕೆ ಬಂತು. ಒಂದು ನಿಮಿಷ ಹಾಗೇ ಹಿಡಿದರು. ಅಂಕಿ ಒಂದು ಮನೆ ಸರಿದು 86,432 ಆಯಿತು. ಒಂದು ಕಿಲೋಮೀಟರಿಗೆ 637 ಸುತ್ತಿನ ಮೀಟರಿನಲ್ಲಿ ಅರವತ್ತರ ವೇಗವೆಂದರೆ ನಿಮಿಷಕ್ಕೆ 637 ಸುತ್ತು, ನಿಮಿಷಕ್ಕೊಂದು ಕಿಲೋಮೀಟರ್; ಮುಳ್ಳು, ಅಂಕಿ ಎರಡನ್ನೂ ಒಂದೇ ಸಲ ಪರೀಕ್ಷಿಸಿದಂತಾಯಿತು. ಹುಬ್ಬಳ್ಳಿಯ ಗುಜರಿಯಿಂದ ಬೇರೆ ಮೀಟರ್ ತಂದು ಹಾಕುವವರು ನೋಡಬೇಕಾದದ್ದೂ ಈ ಸುತ್ತಿನ ಲೆಕ್ಕವನ್ನೇ. ಹಳೆಯ ಇಂಗ್ಲಿಷ್ ಮಾದರಿಯ ಮೀಟರುಗಳ ಡಯಲಿನ ತಳದಲ್ಲಿ, ಮೈಲಿಗೆ ಎಷ್ಟು ಸುತ್ತು ಎಂಬುದನ್ನು ಇರುವೆಯಂಥ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಅದು ಹೊಂದದಿದ್ದರೆ ಮೀಟರ್ ಚೆನ್ನಾಗಿಯೇ ಓಡುತ್ತದೆ, ಬೇರೆ ಯಾವುದೋ ಗಾಡಿಯ ದೂರ ಹೇಳುತ್ತದೆ.

ಉಳಿದದ್ದು ರಸ್ತೆಯ ಪರೀಕ್ಷೆ. ಹಾನಗಲ್ಲಿನಲ್ಲಿ ಮೀಟರ್ ಬೋರ್ಡ್ ಕೂಡಿಸಿಕೊಂಡು ಮಿಸ್ತ್ರಿಯನ್ನೂ ಕೂರಿಸಿಕೊಂಡು ಶಿಗ್ಗಾವಿಗೆ ಹೋದೆವು. ರಾಷ್ಟ್ರೀಯ ಹೆದ್ದಾರಿ 48ರ ಹಳದಿ ತಲೆಯ ಕಿಲೋಮೀಟರ್ ಕಲ್ಲುಗಳಿಗಿಂತ ಅಗ್ಗದ ಪ್ರಯೋಗಶಾಲೆ ಇಲ್ಲ. ಒಂದು ಕಲ್ಲಿನ ಎದುರು ಅಂಕಿ ಬರೆದುಕೊಂಡು, ಹತ್ತು ಕಲ್ಲು ದಾಟಿ ಮತ್ತೆ ಬರೆದುಕೊಳ್ಳುವುದು. ನಡುವೆ ಕಲ್ಲು ಕಿತ್ತಿದ್ದರೆ ಮೊಬೈಲಿನ ಮ್ಯಾಪ್ ಇದೆ. ಹತ್ತು ಕಲ್ಲಿಗೆ ಮಾಸ್ತರರ ಮೀಟರ್ ತೋರಿಸಿದ್ದು ಒಂಬತ್ತೂವರೆಗೂ ಕೊಂಚ ಕಡಿಮೆ.

ಮಾಸ್ತರರ ಮುಖ ಇಳಿಯಿತು. ಮಿಸ್ತ್ರಿ ಕೆಳಗಿಳಿದು ಟೈರಿನ ಮೈಮೇಲಿನ ಬರಹ ಒರೆಸಿ ನೋಡಿದ. 145/80. ಗಾಡಿಗೆ ಇರಬೇಕಾದದ್ದು 145/70, ಹನ್ನೆರಡು ಇಂಚಿನ ರಿಮ್ಮು. ಎಂದೋ ಟೈರ್ ಬದಲಿಸುವಾಗ ಅಂಗಡಿಯಲ್ಲಿದ್ದದ್ದನ್ನು ಹಾಕಿಸಿದ್ದರು. ಎಂಬತ್ತರ ಟೈರ್ ಎತ್ತರ ಹೆಚ್ಚು. ಒಂದು ಸುತ್ತಿಗೆ ಎಪ್ಪತ್ತರದು ಸುಮಾರು 1.60 ಮೀಟರ್ ಹೋದರೆ ಇದು 1.69 ಮೀಟರ್ ಹೋಗುತ್ತದೆ. ಗಾಲಿ ಕಡಿಮೆ ಸುತ್ತಿ ಹೆಚ್ಚು ದೂರ ಹೋಗುತ್ತದೆ, ಮೀಟರ್ ಎಣಿಸುವುದು ಸುತ್ತನ್ನು. ನೂರಕ್ಕೆ ಐದು ಆರರ ವ್ಯತ್ಯಾಸ. ಮುಳ್ಳು ಎಂಬತ್ತು ಅಂದಾಗ ಗಾಡಿ ಎಂಬತ್ತನಾಲ್ಕರ ಆಸುಪಾಸಿನಲ್ಲಿರುತ್ತದೆ, ಹೆದ್ದಾರಿಯಲ್ಲಿ ಅದೂ ಸಣ್ಣ ಮಾತಲ್ಲ. ಸವೆದ ಟೈರಿನಲ್ಲಿ ಇದರ ತಿರುವುಮುರುವು. ಗಾಲಿ ಕುಗ್ಗಿ ಮೀಟರ್ ಹೆಚ್ಚು ತೋರಿಸುತ್ತದೆ, ನೂರಕ್ಕೆ ಎರಡರಷ್ಟು.

"ಚಾಚಾನ ಕೆಲಸ ಚೊಕ್ಕ ಐತ್ರಿ," ಅಂದ ಮಿಸ್ತ್ರಿ. "ಟೈರ್ ಸವದ ಮ್ಯಾಲೆ ಎಪ್ಪತ್ತರದು ಹಾಕಸ್ರಿ. ಅಲ್ಲೀತನಕ ಆವರೇಜ್ ಲೆಕ್ಕಕ್ಕ ನೂರಕ್ಕ ಐದೂವರಿ ಕೂಡಿಸ್ಕೋರಿ."

ಶಿಗ್ಗಾವಿಯ ಚಹಾದಂಗಡಿಯಲ್ಲಿ ಕೂತು ಮಾಸ್ತರರು ಚೀಟಿ ಬರೆದರು. ಮೀಟರ್ 86,431ಕ್ಕೆ ನಿಂತಿತ್ತು, ಇಂಥ ದಿನ ರಿಪೇರಿಯಾಗಿ ಅದೇ ಅಂಕಿಯಿಂದ ಶುರುವಾಗಿದೆ, ನಡುವಿನ ಓಟ ಪೆಟ್ರೋಲ್ ಲೆಕ್ಕದಲ್ಲಿ ಸುಮಾರು ಇಷ್ಟು, ಇದು ಅಂದಾಜು. ಕೊನೆಯಲ್ಲಿ, ಈಗಿರುವ ಟೈರ್ 145/80 ಎಂದೂ ಸೇರಿಸಿದರು. ಹಳೆಯ ಗಾಡಿ ಕೊಡುಕೊಳ್ಳುವ ಪರಿಚಯದವನೊಬ್ಬ ಪಕ್ಕದ ಬೆಂಚಿನಲ್ಲಿದ್ದ. ಚೀಟಿ ಓದಿ ನಕ್ಕ. "ಮಾರೂ ಮುಂದ ಇದನ್ನ ಕಿತ್ತ ಬಿಡ್ರಿ ಸರ, ರೇಟ್ ಬೀಳತೈತಿ." ಎಷ್ಟು ಬಿದ್ದೀತು ಎಂದು ಮಾಸ್ತರರು ಕೇಳಿದರು. ಅವನು ಗಾಡಿಯನ್ನು ಒಮ್ಮೆ ಸುತ್ತು ಹಾಕಿ, ಬಾಗಿಲು ತೆಗೆದು ಹಾಕಿ, ಪೆಡಲ್ ತುಳಿದು ನೋಡಿ, ಚೀಟಿ ಇಲ್ಲದಿದ್ದರೆ ಎಷ್ಟು ಕೊಡುತ್ತಿದ್ದೆ ಎಂಬುದನ್ನು ಮಾತ್ರ ಹೇಳಿದ. ಮಾಸ್ತರರು ಗೋಂದು ತರಿಸಿ ಬಲಬಾಗಿಲಿನ ಚೌಕಟ್ಟಿಗೆ ಚೀಟಿ ಅಂಟಿಸಿ, ಮಳೆ ನೀರು ಇಳಿಯದ ಹಾಗೆ ಮೇಲೆ ಟೇಪ್ ಎಳೆಸಿದರು.